ಗಾಜು ಕಾಯುವ ಮೌನ: ಲಂಡನ್ನಿನ ಸೇಂಟ್ ಲ್ಯೂಕ್ ಚರ್ಚಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದರೆ ಬಿದ್ದ ಗೋಡೆಯನ್ನು ಎತ್ತುವುದು, ಸೋರುವ ಮಾಡನ್ನು ಸರಿಪಡಿಸುವುದು, ಸುಣ್ಣ ಬಳಿಯುವುದು ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹಳೆಯ ಕಟ್ಟಡವನ್ನು ಸಂಗೀತ ಸಭಾಂಗಣವಾಗಿ ಮಾರ್ಪಡಿಸುವಾಗ ಕಣ್ಣಿಗೆ ಕಾಣದ ಇನ್ನೊಂದನ್ನೂ ಕಟ್ಟಬೇಕಾಗುತ್ತದೆ. ಅದುವೇ ನಿಶ್ಶಬ್ದ. ಲಂಡನ್ನಿನ ಓಲ್ಡ್ ಸ್ಟ್ರೀಟ್ ಬೀದಿಯ ಸೇಂಟ್ ಲ್ಯೂಕ್ ಚರ್ಚಿನ ಇತಿಹಾಸ ಇದಕ್ಕೊಂದು ಉತ್ತಮ ನಿದರ್ಶನ.

ಬೆಳೆಯುತ್ತಿದ್ದ ಲಂಡನ್ನಿಗೆ 50 ಹೊಸ ಚರ್ಚುಗಳು ಬೇಕೆಂದು ರಾಣಿ ಆ್ಯನ್‌ಳ ಆಳ್ವಿಕೆಯಲ್ಲಿ ಸಂಸತ್ತು ಶಾಸನ ಮಾಡಿತು. ಕಲ್ಲಿದ್ದಲಿನ ಮೇಲಿನ ತೆರಿಗೆಯೇ ಅದಕ್ಕೆ ಹಣದ ಮೂಲ. ಐವತ್ತರ ಸಂಕಲ್ಪ ಸುಮಾರು ಹನ್ನೆರಡಕ್ಕೇ ನಿಂತಿತು. ಕೊನೆಗೆ ಎದ್ದವುಗಳಲ್ಲಿ ಒಂದು ಈ ಸೇಂಟ್ ಲ್ಯೂಕ್. ನಿಕೋಲಸ್ ಹಾಕ್ಸ್‌ಮೂರ್ ಮತ್ತು ಜಾನ್ ಜೇಮ್ಸ್ ಎಂಬ ವಾಸ್ತುಶಿಲ್ಪಿಗಳ ವಿನ್ಯಾಸದಂತೆ 1727ರಲ್ಲಿ ಆರಂಭವಾದ ಕಟ್ಟಡ 1733ರಲ್ಲಿ ಮುಗಿಯಿತು. ಈಜಿಪ್ಟಿನ ಶಿಲಾಸ್ತಂಭವನ್ನು ಹೋಲುವ ಅದರ ಶಿಖರ ಇಂದಿಗೂ ದಾರಿಹೋಕರ ಕಣ್ಣು ಸೆಳೆಯುತ್ತದೆ. ಹೆಸರಾಂತ ಅಚ್ಚುಮೊಳೆ ತಯಾರಕ ವಿಲಿಯಂ ಕ್ಯಾಸ್ಲನ್‌ನ ಸಮಾಧಿ ಇದರ ಅಂಗಳದಲ್ಲಿದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆ 1776ರಲ್ಲಿ ಮೊದಲು ಅಚ್ಚಾದದ್ದು ಅವನ ಹೆಸರಿನ ಅಕ್ಷರಗಳಲ್ಲಿಯೇ.

ಆದರೆ ಚರ್ಚು ನಿಂತದ್ದು ಜೌಗು ನೆಲದ ಮೇಲೆ. ಅಡಿಪಾಯ ಕುಸಿಯುತ್ತಲೇ ಬಂದು, 1959ರಲ್ಲಿ ಕಟ್ಟಡ ಅಪಾಯಕಾರಿಯೆಂದು ಬಾಗಿಲು ಮುಚ್ಚಲಾಯಿತು. ಬಳಿಕ ಮಾಡನ್ನೂ ಇಳಿಸಿದರು. ಒಳಗಿನ ಸಾಮಗ್ರಿಗಳಲ್ಲಿ ಕೆಲವು ಸಮೀಪದ ಸೇಂಟ್ ಜೈಲ್ಸ್ ಚರ್ಚನ್ನು ಸೇರಿದವು. ಸುಮಾರು ನಾಲ್ಕು ದಶಕಗಳ ಕಾಲ ನಾಲ್ಕು ಗೋಡೆಗಳೂ ಶಿಖರವೂ ಮಾತ್ರ ಉಳಿದು, ಒಳಗೆ ಗಿಡಮರ ಬೆಳೆದವು.

ಈ ಹಾಳು ಕಟ್ಟಡಕ್ಕೆ ಮರುಜೀವ ಬಂದದ್ದು ಸಂಗೀತದಿಂದ. 1904ರಲ್ಲಿ ಸ್ಥಾಪನೆಯಾದ ಲಂಡನ್ ಸಿಂಫನಿ ಆರ್ಕೆಸ್ಟ್ರಾ ತನ್ನ ನೆಲೆಯಾದ ಬಾರ್ಬಿಕನ್ ಕೇಂದ್ರಕ್ಕೆ ಹತ್ತಿರದಲ್ಲಿ ಸಂಗೀತ ಶಿಕ್ಷಣಕ್ಕೂ ತಾಲೀಮಿಗೂ ಕಛೇರಿಗಳಿಗೂ ತಕ್ಕ ಸ್ಥಳವನ್ನು ಅರಸುತ್ತಿತ್ತು. ನೆಲಮಾಳಿಗೆಯಲ್ಲಿಯೂ ಅಂಗಳದಲ್ಲಿಯೂ ಇದ್ದ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ಪುರಾತತ್ತ್ವಜ್ಞರು ವಿಧಿವತ್ತಾಗಿ ತೆರೆದು ದಾಖಲಿಸಿದ ಬಳಿಕ ಕಟ್ಟಡದ ಕೆಲಸ ಮುಂದುವರಿಯಿತು. ಕೊಂಬೆಗಳಂತೆ ಕವಲೊಡೆದ ಉಕ್ಕಿನ ಕಂಬಗಳು ಹೊಸ ಮಾಡನ್ನು ಹೊತ್ತವು. ಗಿಲಾವು ಕಳಚಿದ ಇಟ್ಟಿಗೆಯ ಗೋಡೆಗಳನ್ನು ಮುಚ್ಚದೆ, ಕಾಲದ ಗಾಯಗಳೊಂದಿಗೆ ಹಾಗೆಯೇ ಉಳಿಸಿಕೊಂಡರು.

ಆದರೆ ಕಿಟಕಿಗಳ ಪ್ರಶ್ನೆ ಕಠಿಣವಾಗಿತ್ತು. ಹೊರಗೆ ಹಗಲಿರುಳೂ ಬಸ್ಸು ಲಾರಿಗಳ ಗದ್ದಲ, ಒಳಗೆ ಪಿಟೀಲಿನ ಅತಿ ಮೆಲುದನಿ. ಧ್ವನಿಮುದ್ರಣ ನಡೆಯುವಲ್ಲಿ ದೂರದ ಹಾರನ್ನೂ ದೋಷವೇ. ಕಿಟಕಿಗಳಿಗೆ ಇಟ್ಟಿಗೆ ತುಂಬಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಆ ಎತ್ತರದ ಕಿಟಕಿಗಳಿಂದ ಇಳಿಯುವ ಬೆಳಕೇ ಹಾಕ್ಸ್‌ಮೂರನ ಕಟ್ಟಡದ ಜೀವ. ಬೆಳಕನ್ನು ಒಳಗೆ ಬಿಟ್ಟು ಸದ್ದನ್ನು ಹೊರಗೆ ನಿಲ್ಲಿಸಬೇಕಾದರೆ ಶಬ್ದನಿರೋಧಕ ಗಾಜೇ ಗತಿ.

ಇದರ ತತ್ತ್ವ ಸರಳವಾದುದು. ಶಬ್ದವೆಂದರೆ ಗಾಳಿಯ ಕಂಪನ, ಅದು ಗಾಜನ್ನು ನಡುಗಿಸಿ ಒಳಗೆ ಬರುತ್ತದೆ. ಗಾಜು ಭಾರವಾದಷ್ಟೂ ನಡುಕ ಕಡಿಮೆ. ಎರಡು ಹಾಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದರೆ, ಆ ಪದರ ಕಂಪನವನ್ನು ಹೀರುತ್ತದೆ. ಒಂದರ ಹಿಂದೆ ಇನ್ನೊಂದು ಗಾಜನ್ನು ನಿಲ್ಲಿಸಿ ನಡುವೆ ಅಂತರ ಬಿಟ್ಟರೆ ಪರಿಣಾಮ ಇನ್ನೂ ಹೆಚ್ಚು. ಚಳಿ ತಡೆಯುವ ಸಾಮಾನ್ಯ ಜೋಡಿಗಾಜಿನಲ್ಲಿ ಈ ಅಂತರ ಸುಮಾರು 16 ಮಿಲಿಮೀಟರ್. ಸದ್ದು ತಡೆಯಲು 100ರಿಂದ 200 ಮಿಲಿಮೀಟರ್ ಬೇಕು. ಲಾರಿಯ ಗುಡುಗಿನಂತಹ ತಗ್ಗಿನ ದನಿಗೆ ಇದು ಅತ್ಯಗತ್ಯ. ಎರಡು ಗಾಜುಗಳ ದಪ್ಪವೂ ಬೇರೆ ಬೇರೆಯಾಗಿದ್ದರೆ ಒಳ್ಳೆಯದು. ಒಂದು ಸೋತ ಸ್ವರವನ್ನು ಇನ್ನೊಂದು ತಡೆಯುತ್ತದೆ. ಇಷ್ಟೆಲ್ಲ ಮಾಡಿಯೂ ಚೌಕಟ್ಟಿನಲ್ಲಿ ಕೂದಲೆಳೆಯ ಬಿರುಕು ಉಳಿದರೆ ಶ್ರಮ ವ್ಯರ್ಥ. ಗಾಳಿ ನುಸುಳುವಲ್ಲಿ ಸದ್ದೂ ನುಸುಳುತ್ತದೆ.

2003ರಲ್ಲಿ ಬಾಗಿಲು ತೆರೆದ ಈ ಸಭಾಂಗಣದಲ್ಲಿ ಇಂದು ಶಾಲಾಮಕ್ಕಳು ವಾದ್ಯ ಕಲಿಯುತ್ತಾರೆ, ಮಧ್ಯಾಹ್ನದ ಕಛೇರಿಗಳು ಬಿಬಿಸಿ ರೇಡಿಯೋದಲ್ಲಿ ಬಿತ್ತರವಾಗುತ್ತವೆ.

ರಾಜ್ಯದ ಗಡಿಯಾಚೆ ನೆಲೆಸಿದ ಕನ್ನಡಿಗರಾದ ನಾವು ಇದನ್ನು ಗಮನಿಸಬೇಕು. ನಮ್ಮ ಹಿರಿಯರು ವಂತಿಗೆ ಎತ್ತಿ ಕಟ್ಟಿದ ಶಾಲೆ, ವಾಚನಾಲಯ, ಭಜನಾ ಮಂದಿರಗಳು ಹಳತಾದಾಗ ಕೆಡವಬೇಕೆನ್ನುವವರೂ ಇದ್ದಾರೆ, ಒಂದು ಕಲ್ಲನ್ನೂ ಮುಟ್ಟಬಾರದೆನ್ನುವವರೂ ಇದ್ದಾರೆ. ಸೇಂಟ್ ಲ್ಯೂಕ್ ಮೂರನೆಯ ದಾರಿಯನ್ನು ತೋರುತ್ತದೆ. ಮೊದಲು ಕಟ್ಟಡಕ್ಕೆ ಜನರು ಸೇರುವ ಕೆಲಸವೊಂದನ್ನು ಕೊಡಬೇಕು. ಆ ಕೆಲಸಕ್ಕೆ ಬೇಕಾದುದನ್ನು ಹಳೆಯ ಕಿಟಕಿಯ ಬೆಳಕಿಗೆ ಅಡ್ಡಬಾರದಂತೆ ಸೇರಿಸಬೇಕು. ಲಂಡನ್ನಿನ ಆ ಗೋಡೆಗಳು ನಲವತ್ತು ವರ್ಷ ಮಳೆಗೆ ನೆನೆದೂ ನಿಂತವು. ಅವುಗಳ ಒಳಗೆ ಹಾಡು ಕೇಳಿಸಿದ್ದು, ಅಲ್ಲಿ ಕೂಡುವ ಜನರು ಸಿಕ್ಕ ಮೇಲೆ.