ಬ್ಯಾಲಿಡಾಯ್ಲ್‌ನಿಂದ ಹೊರಗೆ ಒಂದು ವರ್ಷ

ಮುಂಬಯಿಗೆ ಬಂದ ಮೇಲೆ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಪಕ್ಕದಲ್ಲೇ ವರ್ಷಗಟ್ಟಲೆ ಓಡಾಡಿದ್ದೇನೆ. ಆದರೂ ರೇಸ್ ಎಂದರೆ ನನಗೆ ಜೂಜು, ಅಷ್ಟೇ. ಲಾಯದಲ್ಲಿ ಕುದುರೆ ಸಾಕಿ ಪಳಗಿಸುವವರ ಕಡೆ ನನ್ನ ಗಮನ ಹರಿದದ್ದು ಐರ್ಲೆಂಡಿನ ವಿನ್ಸೆಂಟ್ ಓಬ್ರಿಯನ್ ಅವರ ಬಗ್ಗೆ ಓದಿದಾಗ.

ಅವರು ಹುಟ್ಟಿದ್ದು 1917ರಲ್ಲಿ, ಕಾರ್ಕ್ ಕೌಂಟಿಯ ಚರ್ಚ್‌ಟೌನ್ ಎಂಬ ಹಳ್ಳಿಯಲ್ಲಿ. ತಂದೆ ರೈತ. 1943ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ಸ್ವಂತವಾಗಿ ಟ್ರೇನರ್ ಆದರು. ಅವರ 'ಕಾಟೇಜ್ ರೇಕ್' 1948ರಿಂದ ಸತತ ಮೂರು ವರ್ಷ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದಿತು. 1953, 1954, 1955ರಲ್ಲಿ ಮೂರು ಬೇರೆ ಬೇರೆ ಕುದುರೆಗಳಿಂದ ಗ್ರ್ಯಾಂಡ್ ನ್ಯಾಷನಲ್ ಗೆದ್ದರು. ಅಷ್ಟರಲ್ಲಿ ಟಿಪ್ಪರರಿಯ ಬ್ಯಾಲಿಡಾಯ್ಲ್‌ನಲ್ಲಿ ನೆಲೆಸಿ, ಬೇಲಿ ಹಾರುವ ರೇಸುಗಳನ್ನು ಬಿಟ್ಟು ಸಮತಟ್ಟು ಓಟದ ಕಡೆ ತಿರುಗಿದರು.

1960ರಲ್ಲಿ ಅವರ 'ಶಾಮೂರ್' ಎಂಬ ಕುದುರೆ ಕರಾಗ್‌ನಲ್ಲಿ ಒಂದು ಸಣ್ಣ ರೇಸ್ ಗೆದ್ದಿತು. ಪರೀಕ್ಷೆಯಲ್ಲಿ ಉತ್ತೇಜಕ ಮದ್ದಿನ ಅಂಶ ಸಿಕ್ಕಿತೆಂದು ಟರ್ಫ್ ಕ್ಲಬ್ ಅವರ ಲೈಸೆನ್ಸ್ ಕಿತ್ತುಕೊಂಡಿತು. ಮದ್ದು ಕೊಟ್ಟವರು ಯಾರೇ ಆಗಲಿ, ಹೊಣೆ ಟ್ರೇನರ್‌ದು ಎಂಬುದು ಆಗಿನ ನಿಯಮ. ತಮ್ಮದೇ ಬ್ಯಾಲಿಡಾಯ್ಲ್ ಬಿಟ್ಟು ಅವರು ಹೊರಗಿರಬೇಕಾಯಿತು. ತಮ್ಮ ಫಾನ್ಸಿ ಲಾಯ ನೋಡಿಕೊಂಡರು. ಅದೇ ಬೇಸಿಗೆ ಶಾಮೂರ್ ಐರಿಷ್ ಡರ್ಬಿಯನ್ನೇ ಗೆದ್ದಿತು. ಟ್ರೇನರ್ ಎಂದು ದಾಖಲಾದದ್ದು ತಮ್ಮನ ಹೆಸರು.

ಒಂದೂವರೆ ವರ್ಷದ ಶಿಕ್ಷೆ ಮುಂದೆ ಒಂದು ವರ್ಷಕ್ಕಿಳಿಯಿತು, ಕಳಂಕವೂ ತೊಳೆದುಹೋಯಿತು. 1962ರಲ್ಲಿ 'ಲಾರ್ಕ್‌ಸ್ಪರ್' ಅವರಿಗೆ ಮೊದಲ ಎಪ್ಸಮ್ ಡರ್ಬಿ ತಂದಿತು. ಒಟ್ಟು ಆರು ಡರ್ಬಿ ಗೆದ್ದರು.

ಅವುಗಳಲ್ಲಿ ಒಂದು ಕೆನಡಾದಿಂದ ಬಂದ 'ನಿಜಿನ್ಸ್ಕಿ'ಯದು. ಹೊಸ ಜಾಗದಲ್ಲಿ ಅದು ಓಟ್ಸ್ ಮುಟ್ಟಲಿಲ್ಲ. ತವರಿನಲ್ಲಿ ತಿನ್ನುತ್ತಿದ್ದ ಉಂಡೆ ಮೇವನ್ನೇ ಓಬ್ರಿಯನ್ ಕೆನಡಾದಿಂದ ತರಿಸಿದರು. ಅದು ಬಂದು ಮುಟ್ಟುವಷ್ಟರಲ್ಲಿ ಕುದುರೆ ಓಟ್ಸ್ ತಿನ್ನಲು ಕಲಿತಿತ್ತಂತೆ! ಊರು ಬಿಟ್ಟು ಮೆಸ್ಸಿನ ಊಟಕ್ಕೆ ಹೊಂದಿಕೊಂಡ ನಮಗೆ ಇದು ಗೊತ್ತಿರುವ ಕಥೆಯೇ. 1970ರಲ್ಲಿ ನಿಜಿನ್ಸ್ಕಿ ಇಂಗ್ಲೆಂಡಿನ ತ್ರಿವಳಿ ಕಿರೀಟ ಗೆದ್ದಿತು. ಆಮೇಲೆ ಯಾವ ಕುದುರೆಗೂ ಅದು ದಕ್ಕಿಲ್ಲ.

1994ರಲ್ಲಿ ನಿವೃತ್ತರಾದ ಓಬ್ರಿಯನ್ 2009ರಲ್ಲಿ ತೀರಿಕೊಂಡರು. ಅವರ ಗೆಲುವುಗಳ ಪಟ್ಟಿ ದೊಡ್ಡದು. ನನಗೆ ಮಾತ್ರ ಮತ್ತೆ ಮತ್ತೆ ನೆನಪಾಗುವುದು 1960ರ ಆ ಬೇಸಿಗೆ: ತಾನು ಸಾಕಿದ ಕುದುರೆ ಡರ್ಬಿ ಗೆದ್ದ ದಿನ ತನ್ನ ಹೆಸರೇ ಇಲ್ಲದ ಮನುಷ್ಯ, ಮರುವರ್ಷ ಮತ್ತೆ ಅದೇ ಲಾಯಕ್ಕೆ ಕೆಲಸಕ್ಕೆ ಹೋದದ್ದು.