ದೇಹದ ಲೆಕ್ಕ, ಭಾಗ 4: 0.8 ಸೆಕೆಂಡ್

ಹತ್ತನೇ ಕ್ಲಾಸಲ್ಲಿ ಸಂತಾನೋತ್ಪತ್ತಿ ಪಾಠ ಬಂದಾಗ ನಿಮಗೂ "ಇದನ್ನ ಮನೇಲಿ ಓದ್ಕೊಳ್ಳಿ" ಅಂದಿದ್ರಾ? ನಮಗೆ ಅಂದಿದ್ರು. ಆಮೇಲೆ ನಾನು ಕಾಮರ್ಸ್ ತಗೊಂಡೆ, ಬಯಾಲಜಿ ಅಲ್ಲಿಗೇ ಮುಗೀತು. ಆದ್ರೆ ಈ ಮುಜುಗರ ವೈದ್ಯಶಾಸ್ತ್ರಕ್ಕೂ ಇತ್ತು ನೋಡಿ. ಹೃದಯ, ಹೊಟ್ಟೆ, ಶ್ವಾಸಕೋಶದ ಬಗ್ಗೆ ಪುಟಗಟ್ಟಲೆ ಬರೆದ ಡಾಕ್ಟರುಗಳು, ಲೈಂಗಿಕ ಪರಾಕಾಷ್ಠೆಯ ಹೊತ್ತಲ್ಲಿ ದೇಹದೊಳಗೆ ಏನಾಗುತ್ತೆ ಅಂತ 1950ರ ದಶಕದವರೆಗೂ ಸರಿಯಾಗಿ ಅಳೆದು ನೋಡಿರಲಿಲ್ಲ.

ಅಳೆಯದಿದ್ದರೂ ತೀರ್ಪು ಮಾತ್ರ ಬಂದಾಗಿತ್ತು. ಹುಡುಗಿ ಹೆಂಗಸಾಗುವಾಗ ಸುಖದ ಜಾಗ ಭಗಾಂಕುರದಿಂದ ಯೋನಿಗೆ ಬದಲಾಗಬೇಕು ಅಂತ ಸಿಗ್ಮಂಡ್ ಫ್ರಾಯ್ಡ್ 1905ರಲ್ಲಿ ಬರೆದರು. ಹಾಗೆ 'ಬದಲಾಗದ' ಎಷ್ಟೋ ಹೆಂಗಸರಿಗೆ ಮುಂದೆ ದಶಕಗಟ್ಟಲೆ 'ಪ್ರೌಢತೆ ಬಂದಿಲ್ಲ', 'ಈಕೆಗೆ ಕಾಮಶೈತ್ಯ' ಅನ್ನೋ ಹಣೆಪಟ್ಟಿ. ಏನೂ ಕಾಯಿಲೆ ಇಲ್ಲದವರು ಚಿಕಿತ್ಸೆಗೆ ಹೋಗಿ ಕೂತರು. ಓದುವಾಗ ನನಗೆ ಸಿಟ್ಟು ಬಂದದ್ದು ಇಲ್ಲೇ.

1957ಕ್ಕೆ ಬನ್ನಿ. ಅಮೆರಿಕದ ಸೇಂಟ್ ಲೂಯಿಸ್, ವಾಷಿಂಗ್ಟನ್ ವಿಶ್ವವಿದ್ಯಾಲಯ. ಸ್ತ್ರೀರೋಗ ತಜ್ಞ ವಿಲಿಯಂ ಮಾಸ್ಟರ್ಸ್‌ಗೆ ಒಬ್ಬ ಸಹಾಯಕಿ ಬೇಕಿತ್ತು. ಸಿಕ್ಕವರು ವರ್ಜೀನಿಯಾ ಜಾನ್ಸನ್. ವಿಚ್ಛೇದಿತೆ, ಎರಡು ಮಕ್ಕಳ ತಾಯಿ, ಕೈಯಲ್ಲಿ ಡಿಗ್ರಿ ಇಲ್ಲ. ಆದ್ರೆ ಜನರ ಹತ್ರ ಸಂಕೋಚ ಬಿಡಿಸಿ ಮಾತಾಡಿಸೋ ಕಲೆ ಡಾಕ್ಟರಿಗಿಂತ ಇವರಿಗೇ ಚೆನ್ನಾಗಿತ್ತು. 382 ಹೆಂಗಸರು, 312 ಗಂಡಸರು ಲ್ಯಾಬಿಗೆ ಬಂದರು. ಹೃದಯ ಬಡಿತ, ಉಸಿರು, ರಕ್ತದೊತ್ತಡ, ಸ್ನಾಯುಗಳ ಬಿಗಿತ, ಎಲ್ಲದರ ದಾಖಲೆ ಆಯ್ತು.

ಕಂಡದ್ದೇನು ಗೊತ್ತಾ? ಮೊದಲು ಜನನಾಂಗಗಳಿಗೆ ರಕ್ತ ನುಗ್ಗುತ್ತೆ, ಮೈಯೆಲ್ಲಾ ಸ್ನಾಯುಗಳು ಬಿಗಿಯಾಗ್ತವೆ. ಹೃದಯ ನಿಮಿಷಕ್ಕೆ 180 ಸಲದವರೆಗೂ ಬಡಿಯಬಹುದು, ಉಸಿರು 40ಕ್ಕೆ ಏರಬಹುದು. ಪರಾಕಾಷ್ಠೆಯಲ್ಲಿ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳು ಲಯವಾಗಿ ಬಿಗಿದು ಸಡಿಲವಾಗ್ತವೆ. ಮೊದಲ ಕೆಲವು ಮಿಡಿತಗಳ ಅಂತರ ಸುಮಾರು 0.8 ಸೆಕೆಂಡ್. ಹೆಣ್ಣಿಗೂ ಅಷ್ಟೇ, ಗಂಡಿಗೂ ಅಷ್ಟೇ! ಆಮೇಲೆ ರಕ್ತ ವಾಪಸ್, ಬಿಗಿತ ಸಡಿಲ. ಗಂಡಿನ ದೇಹ ಸ್ವಲ್ಪ ಹೊತ್ತು ಮತ್ತೆ ಸ್ಪಂದಿಸೋದಿಲ್ಲ, ಹೆಣ್ಣಿನ ದೇಹಕ್ಕೆ ಆ ಕಡ್ಡಾಯ ಬಿಡುವು ಇಲ್ಲ.

ಫ್ರಾಯ್ಡ್ ಮಾತು ಬಿದ್ದಿದ್ದೂ ಇಲ್ಲೇ. ಪ್ರಚೋದನೆ ಎಲ್ಲಿಂದ ಶುರುವಾದರೂ ಹೆಣ್ಣಿನ ದೇಹ ತೋರಿಸಿದ ಪ್ರತಿಕ್ರಿಯೆ ಒಂದೇ ಥರ ಇತ್ತು. 'ಪ್ರೌಢ', 'ಅಪ್ರೌಢ' ಅಂತ ಎರಡು ಬಗೆ ಯಂತ್ರಕ್ಕೆ ಕಾಣಲೇ ಇಲ್ಲ.

1966ರಲ್ಲಿ ಪುಸ್ತಕ ಬಂತು. ಭಾಷೆ ನಮ್ಮ ಕಾರ್ಪೊರೇಟ್ ಅಕೌಂಟಿಂಗ್ ಟೆಕ್ಸ್ಟ್‌ಬುಕ್‌ಗಿಂತ ಒಣ, ಆದ್ರೂ ಸಿಕ್ಕಾಪಟ್ಟೆ ಮಾರಾಟ ಆಯ್ತು. ತಕರಾರುಗಳೂ ಇವೆ: ಲ್ಯಾಬಲ್ಲಿ, ವೈರುಗಳ ಮಧ್ಯೆ ಇದು ಸಾಧ್ಯವಾದವರನ್ನೇ ಅಳೆದದ್ದು. ಅವರು ಬರೆದ ನಾಲ್ಕು ಹಂತಗಳ ಪ್ರಕಾರವೇ ಎಲ್ಲರ ದೇಹ ನಡೆಯೋದಿಲ್ಲ. ಆಸೆ, ಮನಸ್ಸು ಅವರ ಲೆಕ್ಕದಲ್ಲಿ ಬರಲೇ ಇಲ್ಲ.

ಭಗಾಂಕುರದ ಹೊರಗೆ ಕಾಣೋದು ತುದಿ ಮಾತ್ರ, ಬಹುಪಾಲು ಒಳಗಿದೆ ಅಂತ ಆಸ್ಟ್ರೇಲಿಯಾದ ಸರ್ಜನ್ ಹೆಲೆನ್ ಓಕಾನೆಲ್ 1998ರಲ್ಲಿ ವಿವರವಾಗಿ ತೋರಿಸಿದರು. ಜರ್ಮನಿಯ ಕೋಬೆಲ್ಟ್ 1844ರಲ್ಲೇ ಅದರ ಚಿತ್ರ ಬಿಡಿಸಿಟ್ಟಿದ್ದರು. ನಡುವಿನ 150 ವರ್ಷ ಆ ಚಿತ್ರ ಎಲ್ಲಿ ಹೋಯ್ತು ಅನ್ನೋದು ಭಾಗ 5ಕ್ಕೆ.