ಉಗ್ರಾಣ ಮತ್ತು ಕೊಟ್ಟಿಗೆಯ ಇಲಿ ಹತೋಟಿಯಲ್ಲಿ ಏರ್ ರೈಫಲ್ ಬಳಕೆ: ಭಂಗಿ, ಗುರಿ ಮತ್ತು ನರಳಿಸದೆ ಕೊಲ್ಲುವ ವಿಧಾನ

ಧಾನ್ಯದ ಉಗ್ರಾಣ, ಕೊಬ್ಬರಿ ಅಟ್ಟ, ಹಿಂಡಿ ಮತ್ತು ಬೂಸಾ ಇಡುವ ಕೋಣೆ, ಕೋಳಿಮನೆಯ ಸುತ್ತಮುತ್ತ ಮನೆ ಇಲಿ ಹಾಗೂ ಹೆಗ್ಗಣಗಳ ಹಾವಳಿ ರೈತರಿಗೆ ಹೊಸದಲ್ಲ. ಹೊಲದಲ್ಲಿ ಶೇಕಡಾ 2ರ ಜಿಂಕ್ ಫಾಸ್ಫೈಡ್ ಅಥವಾ ಶೇಕಡಾ 0.005ರ ಬ್ರೋಮಾಡಿಯೋಲೋನ್ ವಿಷದ ತಿಂಡಿಯನ್ನು ಶಿಫಾರಸು ಮಾಡುವ ನಾವು, ದನ, ಕೋಳಿ, ಬೆಕ್ಕು, ನಾಯಿ ಮತ್ತು ಮಕ್ಕಳು ಓಡಾಡುವ ಕೊಟ್ಟಿಗೆಯಲ್ಲಿ ಅದನ್ನೇ ಧೈರ್ಯವಾಗಿ ಶಿಫಾರಸು ಮಾಡಲಾರೆವು. ಇಂತಹ ಸ್ಥಳಗಳಲ್ಲಿ ಕೆಲವು ರೈತರು ಏರ್ ಗನ್ ಬಳಸುತ್ತಿದ್ದಾರೆ. ಅದನ್ನು ಹೇಗೆ ಹಿಡಿಯಬೇಕು, ಎಷ್ಟು ದೂರದಿಂದ ಹೊಡೆಯಬೇಕು ಎಂಬ ಪ್ರಶ್ನೆಗಳು ತರಬೇತಿ ಶಿಬಿರಗಳಲ್ಲಿ ಬರುತ್ತಿರುವುದರಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಮೊದಲೇ ಒಂದು ಮಾತು. ಏರ್ ರೈಫಲ್‌ನಿಂದ ಇಲಿಯ ಸಂತತಿಯನ್ನು ಹತೋಟಿಗೆ ತರಲು ಸಾಧ್ಯವಿಲ್ಲ. ಹೆಣ್ಣಿಲಿಯ ಗರ್ಭಾವಧಿ ಸುಮಾರು ಮೂರು ವಾರ. ಒಂದು ಸೂಲಿಗೆ ಐದರಿಂದ ಎಂಟು ಮರಿ. ಆ ಮರಿಗಳೂ ಮೂರು ತಿಂಗಳಲ್ಲಿ ಮರಿ ಹಾಕಲು ಸಿದ್ಧವಾಗುತ್ತವೆ. ಹೆಬ್ಬೆರಳು ತೂರುವ ಸಂದುಗಳನ್ನೆಲ್ಲ ತಂತಿಜಾಲರಿ ಮತ್ತು ಸಿಮೆಂಟಿನಿಂದ ಮುಚ್ಚುವುದು, ಮೂಟೆಗಳನ್ನು ಮರದ ಚೌಕಟ್ಟಿನ ಮೇಲೆ ಗೋಡೆಯಿಂದ ದೂರ ಜೋಡಿಸುವುದು, ಚೆಲ್ಲಿದ ಕಾಳನ್ನು ದಿನವೂ ಗುಡಿಸುವುದು, ಬೋನು ಮತ್ತು ಕತ್ತರಿ ಇಡುವುದು, ಇವೆಲ್ಲ ಆದ ಮೇಲೂ ಉಳಿಯುವ, ಬೋನಿಗೆ ಬೀಳದ ಚತುರ ಇಲಿಗಳಿಗೆ ಮಾತ್ರ ರೈಫಲ್ ಉಪಯುಕ್ತ. ಅಂಟು ಬಲೆಯನ್ನು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ವಿರೋಧಿಸಿದೆ. ಅದಕ್ಕೆ ಸಿಕ್ಕಿದ ಇಲಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ನಾನೂ ಅದನ್ನು ಯಾರಿಗೂ ಸೂಚಿಸುವುದಿಲ್ಲ.

ಕಾನೂನಿನ ಮಿತಿ

2016ರ ಶಸ್ತ್ರಾಸ್ತ್ರ ನಿಯಮಗಳಂತೆ ನಳಿಗೆಯ ಒಳವ್ಯಾಸ 4.5 ಮಿ.ಮೀ. ಅಥವಾ ಹೊರಬೀಳುವ ಗುಂಡಿನ ಶಕ್ತಿ 20 ಜೂಲ್ ಮೀರಿದ ಏರ್ ರೈಫಲ್‌ಗೆ ಪರವಾನಗಿ ಬೇಕು. ಪರವಾನಗಿ ಬೇಡ ಎಂದ ಮಾತ್ರಕ್ಕೆ ಯಾವ ಪ್ರಾಣಿಗೂ ಗುರಿಯಿಡಬಹುದೆಂದು ಅರ್ಥವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದೂ, ಹಾಗೆ ಮಾಡಲು ಪ್ರಯತ್ನಿಸುವುದೂ ಬೇಟೆಯೇ. ಶೇಂಗಾ ಹೊಲಕ್ಕೆ ಬಂದ ನವಿಲು, ಬೇಲಿ ದಾಟಿದ ಮೊಲ, ಕಾಡುಹಂದಿ, ಇವಾವುದರ ಮೇಲೂ ಏರ್ ಗನ್ ಎತ್ತುವಂತಿಲ್ಲ. ಅಂತಹ ಹಾವಳಿಗೆ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸುವುದೊಂದೇ ದಾರಿ. ಹಳೆಯ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಕಾಗೆ, ಹಣ್ಣುಬಾವಲಿ, ಇಲಿಗಳನ್ನು ಪೀಡಕ ಜೀವಿಗಳೆಂದು ಪಟ್ಟಿ ಮಾಡಲಾಗಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯೇ ಹೋಗಿದೆ. ಆದ್ದರಿಂದ ಹಳೆಯ ನೆನಪಿನಲ್ಲಿ ಕಾಗೆ, ಬಾವಲಿಗಳಿಗೆ ಹೊಡೆಯಕೂಡದು. ಈ ಲೇಖನದ ವ್ಯಾಪ್ತಿ ಕಟ್ಟಡದೊಳಗಿನ ಮನೆ ಇಲಿ ಮತ್ತು ಹೆಗ್ಗಣಗಳಿಗಷ್ಟೇ ಸೀಮಿತ. ಚೂಪು ಮೂತಿಯ, ಕಟುವಾಸನೆಯ ಸೊಂಡಿಲಿಯನ್ನು ಇಲಿಯೆಂದು ಭ್ರಮಿಸಿ ಕೊಲ್ಲಬೇಡಿರಿ. ಅದು ಹುಳುಹುಪ್ಪಟೆಗಳನ್ನು ತಿನ್ನುವ, ರೈತನಿಗೆ ನೆರವಾಗುವ ಪ್ರಾಣಿ.

ಗುರಿ ಏಕೆ ಇಷ್ಟು ಮುಖ್ಯ

4.5 ಮಿ.ಮೀ. ಪೆಲೆಟ್‌ನ ತೂಕ ಸುಮಾರು ಅರ್ಧ ಗ್ರಾಂ. ಬಂದೂಕಿನ ಗುಂಡಿನಂತೆ ಅದು ಆಘಾತದಿಂದ ಕೊಲ್ಲುವುದಿಲ್ಲ; ಮಿದುಳಿಗೆ ತಾಗಿದರೆ ಮಾತ್ರ ಪ್ರಾಣಿ ನಿಂತಲ್ಲೇ ಸಾಯುತ್ತದೆ. ಹೊಟ್ಟೆಗೋ ದವಡೆಗೋ ತಾಗಿದ ಇಲಿ ಬಿಲ ಸೇರಿ ಒಂದೆರಡು ದಿನ ನರಳುತ್ತದೆ. ಸೇವೆಗೆ ಸೇರಿದ ಹೊಸತರಲ್ಲಿ ಬೀಜದ ಉಗ್ರಾಣವೊಂದರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಹನ್ನೆರಡು ಮೀಟರ್ ದೂರದ ಹೆಗ್ಗಣಕ್ಕೆ ನಿಂತಲ್ಲಿಂದಲೇ ಹೊಡೆದೆ. ಅದು ಕಿರುಚಿ ಗೋಡೆಯ ಸಂದಿಗೆ ಹೋಯಿತು. ಆ ರಾತ್ರಿ ಪೂರ್ತಿ ಅದರ ಸದ್ದು ಕೇಳುತ್ತಿತ್ತು. ಮೂರನೆಯ ದಿನದಿಂದ ವಾಸನೆ. ಗೋಡೆ ಒಡೆಯದೆ ಹೊರತೆಗೆಯಲಾಗಲಿಲ್ಲ. ಅದೇ ರೈಫಲ್‌ನಿಂದ ಅದೇ ದೂರದಲ್ಲಿ ಹಿಂದಿನ ದಿನ ಮೇಜಿನ ಮೇಲೆ ಚೀಲವಿಟ್ಟು ಹೊಡೆದಾಗ ಎಲ್ಲ ಗುಂಡುಗಳೂ ಒಂದೆಡೆ ಬಿದ್ದಿದ್ದವು. ಬಂದೂಕು ಸರಿಯಾಗಿತ್ತು, ಭಂಗಿ ಸರಿಯಿರಲಿಲ್ಲ.

ನಾಣ್ಯದ ಪರೀಕ್ಷೆ

ಇಲಿಯ ಮಿದುಳಿನ ಭಾಗ ಹೆಚ್ಚೆಂದರೆ ಒಂದು ರೂಪಾಯಿ ನಾಣ್ಯದಷ್ಟು, ಅಂದರೆ ಸುಮಾರು 2 ಸೆಂ.ಮೀ. ದಪ್ಪ ಕಾಗದದ ಮೇಲೆ ನಾಣ್ಯವಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಹಿಂದೆ ಮರಳಿನ ಮೂಟೆ ಇಟ್ಟು 5 ಮೀಟರ್ ದೂರದಿಂದ ಹತ್ತು ಗುಂಡು ಹೊಡೆಯಿರಿ. ಹತ್ತೂ ವೃತ್ತದೊಳಗೆ ಬಿದ್ದರೆ ಎರಡು ಮೀಟರ್ ಹಿಂದೆ ಸರಿಯಿರಿ. ಒಂದು ಗುಂಡು ಹೊರಗೆ ಹೋದರೂ ಹಿಂದಿನ ದೂರವೇ ನಿಮ್ಮ ಮಿತಿ. ಹತ್ತರಲ್ಲಿ ಎಂಟು ಸಾಲದೇ ಎಂದು ಯುವಕರು ಕೇಳುತ್ತಾರೆ. ಉಳಿದ ಎರಡು ಗುಂಡು ತಾಗುವುದು ಇಲಿಯ ದವಡೆಗೆ ಎಂಬುದನ್ನು ನೆನಪಿಡಬೇಕು.

ಈ ಪರೀಕ್ಷೆಯನ್ನು ಪ್ರತಿ ಭಂಗಿಗೂ ಬೇರೆಬೇರೆಯಾಗಿ ಮಾಡತಕ್ಕದ್ದು. ಆಸರೆಯಿಟ್ಟು 15 ಮೀಟರ್‌ನಲ್ಲಿ ಉತ್ತೀರ್ಣರಾದವರು ನಿಂತು ಹೊಡೆಯುವಾಗ 5 ಮೀಟರ್‌ನಲ್ಲೇ ಸೋಲುವುದು ಸಾಮಾನ್ಯ. ಭಂಗಿವಾರು ದೂರಗಳನ್ನು ಚೀಟಿಯಲ್ಲಿ ಬರೆದು ರೈಫಲ್‌ನ ಹಿಂಬದಿಗೆ ಅಂಟಿಸಿಕೊಳ್ಳಿರಿ.

ಭಂಗಿಗಳು

ಮೇವಿನ ಕೋಣೆಯಲ್ಲಿ ಅತ್ಯುತ್ತಮವಾದದ್ದು ಆಸರೆಯ ಭಂಗಿ. ಕುರ್ಚಿಯಲ್ಲಿ ಕುಳಿತು, ಮುಂದೆ ಹೊಟ್ಟಿನ ಅಥವಾ ಮರಳಿನ ಅರೆ ಮೂಟೆಯಿಟ್ಟು, ಅದರ ಮೇಲೆ ಮುಂಗೈಯನ್ನೂ ಕೈಯ ಮೇಲೆ ರೈಫಲನ್ನೂ ಇಡುವುದು. ರೈಫಲನ್ನು ನೇರವಾಗಿ ಮೂಟೆಯ ಮೇಲೋ ಕಿಟಕಿಯ ಕಟ್ಟೆಯ ಮೇಲೋ ಇಡಬಾರದು. ಕಾರಣವನ್ನು ಮುಂದೆ ಹೇಳಿದೆ.

ಮಲಗಿ ಹೊಡೆಯುವುದು ನೆಲಕ್ಕೆ ಹತ್ತಿರವಾದ್ದರಿಂದ ಸ್ಥಿರ. ಆದರೆ ಕೊಟ್ಟಿಗೆಯ ನೆಲ, ಸಗಣಿ, ಇಲಿಯ ಮೂತ್ರ ಇವುಗಳ ಮೇಲೆ ಮಲಗುವುದು ಇಲಿಜ್ವರಕ್ಕೆ ಆಹ್ವಾನ. ಅಂಗಳದಲ್ಲಿ ಅಭ್ಯಾಸಕ್ಕೆ ಸಾಕು.

ಇನ್ನು ನಮ್ಮ ರೈತರಿಗೆ ಹುಟ್ಟಿನಿಂದ ಬಂದ ಭಂಗಿಯೊಂದಿದೆ. ಅದು ಕುಕ್ಕುರುಗಾಲಿನಲ್ಲಿ ಕೂರುವುದು. ಎರಡೂ ಹಿಮ್ಮಡಿ ನೆಲಕ್ಕೆ ಊರಿ, ತುಸು ಮುಂದೆ ಬಾಗಿ, ಎರಡೂ ಮೊಣಕೈಗಳನ್ನು ಮೊಣಕಾಲುಗಳ ಆಚೆಗೆ ದಾಟಿಸಿ ತೋಳಿನ ಹಿಂಭಾಗದ ಮಾಂಸಖಂಡವನ್ನು ಮಂಡಿಗೆ ಒತ್ತಬೇಕು. ಮೂಳೆಯ ಮೇಲೆ ಮೂಳೆ ನಿಂತರೆ ಜಾರುತ್ತದೆ. ಮಾಂಸದ ಮೇಲೆ ಮೂಳೆ ನಿಂತರೆ ಜಾರುವುದಿಲ್ಲ. ಕುರ್ಚಿಗೆ ಒಗ್ಗಿಕೊಂಡ ನಗರದವರು ಹಿಮ್ಮಡಿ ಎತ್ತದೆ ಅರ್ಧ ನಿಮಿಷವೂ ಹೀಗೆ ಕೂರಲಾರರು. ನಾಟಿ, ಕಳೆ ಕಿತ್ತು ಬೆಳೆದವರು ಹತ್ತು ನಿಮಿಷ ಕೂರಬಲ್ಲರು. ಬಟ್ಟೆ ನೆಲಕ್ಕೆ ತಾಗದು, ಎದ್ದು ಸರಿಯುವುದೂ ಸುಲಭ. ಆಸರೆ ಇಲ್ಲದೆಡೆ ನಾನು ಮೊದಲು ಸೂಚಿಸುವುದು ಇದನ್ನೇ.

ಮಂಡಿಯೂರುವ ಭಂಗಿಯಲ್ಲಿ ಬಲಗೈಯವರು ಬಲ ಮಂಡಿಯನ್ನು ನೆಲಕ್ಕೂರಿ ಬಲ ಹಿಮ್ಮಡಿಯ ಮೇಲೆ ಕೂರಬೇಕು. ಎಡ ಮೊಣಕೈ ಎಡ ಮಂಡಿಯ ಚಿಪ್ಪಿನ ಮೇಲಲ್ಲ, ಅದರಿಂದ ತುಸು ಮುಂದಕ್ಕೆ ಇರಲಿ. ಬಲ ಮೊಣಕೈಗೆ ಇಲ್ಲಿ ಆಧಾರವಿಲ್ಲದ ಕಾರಣ ಕುಕ್ಕುರುಗಾಲಿಗಿಂತ ಒಂದು ಪಟ್ಟು ಕಡಿಮೆ. ನೆಲದ ಮೇಲೆ ಕುಳಿತು ಎರಡೂ ಮೊಣಕೈಗಳನ್ನು ಮಂಡಿಗಳ ಒಳಬದಿಗೆ ಊರುವುದು ಇದಕ್ಕಿಂತ ಉತ್ತಮ.

ನಿಂತು ಹೊಡೆಯುವ ಭಂಗಿಯನ್ನು ಇಲಿಗೆ ಬಳಸಲೇಬಾರದೆಂಬುದು ನನ್ನ ಅಭಿಪ್ರಾಯ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ದೂರದಿಂದ ನಿಂತೇ ಚಿನ್ನ ಗೆದ್ದರಲ್ಲ ಎಂದು ಒಬ್ಬರು ಕೇಳಿದರು. ಆ ಸ್ಪರ್ಧೆಯ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ. ಮಾತ್ರ ಎಂಬುದೂ ನಿಜ. ಆದರೆ ಅದರ ಹಿಂದೆ ದಪ್ಪ ಕೋಟು, ಸ್ಪರ್ಧೆಗೆಂದೇ ಮಾಡಿದ ರೈಫಲ್ ಮತ್ತು ವರ್ಷಗಟ್ಟಲೆ ದಿನಪೂರ್ತಿ ಅಭ್ಯಾಸವಿದೆ. ಅನಿವಾರ್ಯವಾದರೆ ಕಂಬಕ್ಕೋ ಬಾಗಿಲಿನ ಚೌಕಟ್ಟಿಗೋ ಅಂಗೈ ಊರಿ, ಹೆಬ್ಬೆರಳಿನ ಮೇಲೆ ರೈಫಲ್ ಇಟ್ಟು ಹೊಡೆಯಬಹುದು.

ಯಾವ ಭಂಗಿಯಾದರೂ ಒಂದು ತಪಾಸಣೆ ಅಗತ್ಯ. ಗುರಿ ಹಿಡಿದ ಮೇಲೆ ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆಯಿರಿ. ರೈಫಲ್ ಪಕ್ಕಕ್ಕೆ ಸರಿದಿದ್ದರೆ ಅಷ್ಟು ಹೊತ್ತೂ ಅದನ್ನು ಹಿಡಿದದ್ದು ಸ್ನಾಯುಬಲವೇ ಹೊರತು ಭಂಗಿಯಲ್ಲ. ಆಗ ಕೈಯಿಂದ ಎಳೆದು ಸರಿಪಡಿಸದೆ, ಸೊಂಟ ಮತ್ತು ಪಾದಗಳನ್ನು ಸರಿಸಿ ಹೊಸದಾಗಿ ಕೂರಬೇಕು. ಉಸಿರನ್ನು ಅರ್ಧ ಹೊರಬಿಟ್ಟು ನಿಲ್ಲಿಸಿ, ಏಳೆಂಟು ಸೆಕೆಂಡಿನೊಳಗೆ ಟ್ರಿಗರನ್ನು ಬೆರಳ ತುದಿಯ ಮೆತ್ತನೆಯ ಭಾಗದಿಂದ ನೇರ ಹಿಂದಕ್ಕೆ ಒತ್ತಿರಿ. ಅಷ್ಟರಲ್ಲಿ ಆಗದಿದ್ದರೆ ಬಿಟ್ಟು ಮತ್ತೆ ಉಸಿರಾಡಿರಿ.

ಸ್ಪ್ರಿಂಗ್ ರೈಫಲ್ ಹಿಡಿಯುವ ಬಗೆ

ರೈತರ ಬಳಿ ಇರುವವು ಹೆಚ್ಚಾಗಿ ನಳಿಗೆ ಬಗ್ಗಿಸಿ ಎಳೆಯುವ ಸ್ಪ್ರಿಂಗ್ ಮಾದರಿಯವು. ಟ್ರಿಗರ್ ಒತ್ತಿದಾಗ ಒಳಗಿನ ಪಿಸ್ಟನ್ ಮುಂದಕ್ಕೆ ಧಾವಿಸುವುದರಿಂದ ರೈಫಲ್ ಮೊದಲು ಹಿಂದಕ್ಕೂ, ಪಿಸ್ಟನ್ ತಡೆದು ನಿಂತಾಗ ಮುಂದಕ್ಕೂ ಜಿಗಿಯುತ್ತದೆ. ಪೆಲೆಟ್ ಇನ್ನೂ ನಳಿಗೆಯಲ್ಲಿರುವಾಗಲೇ ಈ ಚಲನೆ ಆರಂಭವಾಗಿರುತ್ತದೆ. ಗಟ್ಟಿಯಾಗಿ ಹಿಡಿದರೆ ಅಥವಾ ಗಟ್ಟಿ ವಸ್ತುವಿನ ಮೇಲಿಟ್ಟರೆ ಪ್ರತಿ ಸಲವೂ ಬೇರೆ ದಿಕ್ಕಿಗೆ ಜಿಗಿಯುತ್ತದೆ. ಆದ್ದರಿಂದ ತೆರೆದ ಅಂಗೈಯ ಮೇಲೆ, ಬೆರಳು ಸುತ್ತದೆ, ಪ್ರತಿ ಸಲವೂ ಒಂದೇ ಜಾಗದಲ್ಲಿ ರೈಫಲನ್ನು ಇರಿಸಬೇಕು. ಭುಜಕ್ಕೆ ಹಗುರವಾಗಿ ತಾಗಿದರೆ ಸಾಕು. ಹೊಡೆದ ಮೇಲೂ ಒಂದು ಸೆಕೆಂಡು ತಲೆಯೆತ್ತದೆ ಗುರಿಯನ್ನೇ ನೋಡುತ್ತಿರಿ. ಪೆಲೆಟ್ ತುಂಬುವಾಗ ಬಗ್ಗಿಸಿದ ನಳಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದಿರಬೇಕು. ಅದು ಚಿಮ್ಮಿದರೆ ಬೆರಳು ಜಜ್ಜುತ್ತದೆ.

ಹತ್ತಿರದ ದೂರದ ಮೋಸ

ಸ್ಕೋಪ್ ಅಳವಡಿಸಿದವರು ಇದನ್ನು ಗಮನಿಸಲೇಬೇಕು. ಸ್ಕೋಪ್ ನಳಿಗೆಗಿಂತ ಸುಮಾರು 4 ಸೆಂ.ಮೀ. ಮೇಲಿರುತ್ತದೆ. ಸೆಕೆಂಡಿಗೆ 200 ಮೀಟರ್ ವೇಗದ ರೈಫಲನ್ನು 15 ಮೀಟರ್‌ಗೆ ಹೊಂದಿಸಿದ್ದರೆ, 10 ಮೀಟರ್‌ನಲ್ಲಿ ಗುಂಡು ಸುಮಾರು ಮುಕ್ಕಾಲು ಸೆಂ.ಮೀ., 5 ಮೀಟರ್‌ನಲ್ಲಿ ಸುಮಾರು 2 ಸೆಂ.ಮೀ. ಕೆಳಗೆ ಬೀಳುತ್ತದೆ. ಇಲಿ ಹತ್ತಿರವಿದೆ, ತಪ್ಪುವುದಿಲ್ಲ ಎಂದು ತಲೆಗೆ ಗುರಿಯಿಟ್ಟವರ ಗುಂಡು ದವಡೆಗೋ ಕುತ್ತಿಗೆಯ ಕೆಳಭಾಗಕ್ಕೋ ತಾಗುವುದು ಹೀಗೆ. ಕೋಣೆಯಲ್ಲಿ ಬಳಸುವ ನಿಜವಾದ ದೂರಕ್ಕೆ ರೈಫಲನ್ನು ಹೊಂದಿಸಿ, ಆ ದೂರವನ್ನು ಬದಲಿಸದಿರುವುದೇ ಸುಲಭ ಪರಿಹಾರ.

ಇಲಿಯನ್ನು ನಿಲ್ಲಿಸುವುದು

ಓಡುವ ಇಲಿಗೆ ಎಂದೂ ಹೊಡೆಯಬಾರದು. ಶೇಂಗಾ ಮತ್ತು ಬೆಲ್ಲವನ್ನು ನುಣ್ಣಗೆ ಅರೆದು ಒಂದು ಇಟ್ಟಿಗೆಗೆ ಬಳಿಯಿರಿ. ಕಾಳಾದರೆ ಇಲಿ ಕಚ್ಚಿಕೊಂಡು ಓಡುತ್ತದೆ, ಅಂಟಿದ ಮುದ್ದೆಯನ್ನು ನಿಂತು ನೆಕ್ಕಲೇಬೇಕು. ಇಟ್ಟಿಗೆಯ ಹಿಂದೆ ಮರಳಿನ ಮೂಟೆ ಇರಲಿ. ಹೊಸ ವಸ್ತುವಿಗೆ ಇಲಿ ಹೆದರುವುದರಿಂದ ಮೊದಲ ಎರಡು ಮೂರು ರಾತ್ರಿ ಹೊಡೆಯದೆ ತಿನ್ನಲು ಬಿಡಿ. ಕೆಂಪು ಬೆಳಕು ಇಲಿಯ ಕಣ್ಣಿಗೆ ಅಷ್ಟಾಗಿ ಕಾಣದು. ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿದರೆ ಸಾಕು.

ಇಲಿ ಪಕ್ಕಕ್ಕೆ ತಿರುಗಿದ್ದಾಗ ಕಣ್ಣು ಮತ್ತು ಕಿವಿಯ ಬುಡದ ನಡುವೆ ಗುರಿಯಿಡಬೇಕು. ಬೆನ್ನು ಮಾಡಿದ್ದರೆ ಎರಡು ಕಿವಿಗಳ ನಡುವೆ, ತಲೆಬುರುಡೆಯ ಬುಡಕ್ಕೆ. ಎದುರಿಗಿದ್ದರೆ ಕಾಯಿರಿ. ಗುಂಡು ತಾಗಿಯೂ ಜೀವವಿದ್ದರೆ ಕೂಡಲೇ ಎರಡನೆಯ ಗುಂಡು, ಅಥವಾ ಕೈಗೆಟುಕುವಂತಿದ್ದರೆ ದೊಣ್ಣೆಯಿಂದ ತಲೆಯ ಹಿಂಭಾಗಕ್ಕೆ ಒಂದೇ ಬಲವಾದ ಪೆಟ್ಟು. ದೊಣ್ಣೆಯನ್ನು ಮೊದಲೇ ಪಕ್ಕದಲ್ಲಿಟ್ಟುಕೊಂಡಿರಬೇಕು, ಆಮೇಲೆ ಹುಡುಕುವುದಲ್ಲ.

ಸುರಕ್ಷತೆ ಮತ್ತು ವಿಲೇವಾರಿ

ಪೆಲೆಟ್ ಸಿಮೆಂಟ್ ನೆಲ, ಕಬ್ಬಿಣದ ಕಂಬ, ಕಲ್ಲುಗಳಿಗೆ ತಾಗಿ ಹಿಂದಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ. ತೊಲೆ, ಛಾವಣಿ, ತೆಂಗಿನ ಗರಿಯ ಮೇಲಿನ ಇಲಿಗೆ ಮೇಲ್ಮುಖವಾಗಿ ಹೊಡೆಯಬಾರದು. ದನಕರುಗಳನ್ನು ಹೊರಗೆ ಕಟ್ಟಿದ ಮೇಲೆಯೇ, ಬಾಗಿಲು ಹಾಕಿ, ಮನೆಯವರಿಗೆ ತಿಳಿಸಿ ಕೂರುವುದು. ಧಾನ್ಯದ ರಾಶಿ ಮತ್ತು ಹಿಂಡಿ ಮೂಟೆಯ ದಿಕ್ಕಿಗೆ ಗುಂಡು ಹಾರಿಸಕೂಡದು. ಸೀಸ ವಿಷವಸ್ತು, ಆಹಾರಕ್ಕೆ ಅಥವಾ ಮೇವಿಗೆ ಸೇರಬಾರದು. ಕೆಲಸ ಮುಗಿದ ಮೇಲೆ ರೈಫಲ್‌ನಲ್ಲಿ ಪೆಲೆಟ್ ಇರಿಸಬೇಡಿ, ಸ್ಪ್ರಿಂಗನ್ನು ಎಳೆದಿಡಬೇಡಿ, ಬೀಗವಿರುವ ಪೆಟ್ಟಿಗೆಯಲ್ಲಿಡಿ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಕೈಗವಸು ಅಥವಾ ಇಕ್ಕಳದಿಂದ ಎತ್ತಿ, ಎರಡಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ತಿಪ್ಪೆಗೆ ಎಸೆದರೆ ನಾಯಿ, ಹದ್ದು, ಗೂಬೆಗಳು ಸೀಸದ ಸಮೇತ ತಿನ್ನುತ್ತವೆ. ಹೊಲದ ಇಲಿಗಳನ್ನು ಹಿಡಿಯುವ ಗೂಬೆಯನ್ನು ಉಗ್ರಾಣದ ಇಲಿಯಿಂದ ಕಳೆದುಕೊಳ್ಳಬಾರದು. ಹೆಣ್ಣಿಲಿಯ ಮೊಲೆಗಳು ಉಬ್ಬಿದ್ದರೆ ಹತ್ತಿರದಲ್ಲೇ ಮರಿಗಳಿವೆಯೆಂದು ತಿಳಿದು, ಮರುದಿನ ಬೆಳಿಗ್ಗೆಯೇ ಗೂಡನ್ನು ಹುಡುಕಿ ತೆಗೆಯಬೇಕು. ಅವುಗಳನ್ನು ಹಸಿವಿನಿಂದ ಸಾಯಲು ಬಿಡುವುದು ಸರಿಯಲ್ಲ. ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆದು, ಆ ಬಿಲದ ಬಾಯಿಯನ್ನು ಗಾಜಿನ ಚೂರು ಬೆರೆಸಿದ ಸಿಮೆಂಟಿನಿಂದ ಅಂದೇ ಮುಚ್ಚಿರಿ.